ಗೋಡೆಗೆ ಬಿಸಿನೀರು ಕಾಯಿಸಿದ ನಮ್ಮ ಸೋದರಮಾವ

ನಮ್ಮ ಚನ್ನಗಿರಿಯಲ್ಲಿ ಜನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು. ಎಮ್ಮೆಯ ಬೂಸಾ ಕಲಸಲು ಕಾಯಿಸುತ್ತಿದ್ದರು. ಬೀಗರು ಬಂದರೆ ಕಾಲಿಗೆ ಕೊಡಲು ಕಾಯಿಸುತ್ತಿದ್ದರು. ಆದರೆ ಗೋಡೆಗೆಂದು ನೀರು ಕಾಯಿಸಿದ ಮನುಷ್ಯ ಊರಿಗೆಲ್ಲ ಒಬ್ಬರೇ, ಅವರು ನನ್ನ ಸೋದರಮಾವ! ಶಿವರಾತ್ರಿ ಬಂದರೆ ಚಳಿ 'ಶಿವ ಶಿವಾ' ಎಂದು ಓಡಿಹೋಗುವ ಊರು ನಮ್ಮದು. ಯುಗಾದಿ ಹೊತ್ತಿಗೆ ಹೊಸಿಲ ಮೇಲೆ ಕಾಲಿಟ್ಟರೆ ಅಂಗಾಲು ಚುರ್ ಎನ್ನುತ್ತದೆ. ಅಂಥ ಊರಲ್ಲಿ ಮನೆಯೊಳಗೆ ಕಬ್ಬಿಣದ ಪೈಪು ಎಳೆದು, ಅದರೊಳಗೆ ಬಿಸಿನೀರು ಹರಿಸಿ, ಕೋಣೆ ಬೆಚ್ಚಗೆ ಮಾಡುತ್ತೇನೆಂದು ಹೊರಟವರನ್ನು ಜನ ಏನೆಂದು ಕರೆಯಬೇಕು ಹೇಳಿ? ಕರೆಯಬೇಕಾದ್ದನ್ನೇ ಕರೆದರು. ನಾನು ಅದನ್ನಿಲ್ಲಿ ಬರೆಯುವುದಿಲ್ಲ.

ಹೆಸರನ್ನೂ ಬರೆಯುವುದಿಲ್ಲ. ಪೇಟೆಯಲ್ಲಿ 'ಪೈಪಿನ ಯಜಮಾನ್ರು' ಎಂದರೆ ಕುರುಡನೂ ಮನೆ ತೋರಿಸುತ್ತಿದ್ದ. ಹರೆಯದಲ್ಲಿ ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಉರಿ ಹಾಕುವ ಕೆಲಸ ಮಾಡಿದ್ದರು. ಅಲ್ಲಿಂದ ಯಾರೋ ದೊರೆಯ ಹಿಂದೆ ಊಟಿಗೆ ಹೋಗಿ ಎರಡು ವರ್ಷ ಬಂಗಲೆಯ ಪೈಪು ರಿಪೇರಿ ಮಾಡಿಕೊಂಡಿದ್ದರು. ಆ ಬಂಗಲೆಯಲ್ಲಿ ಒಲೆ ಒಂದು ಕಡೆಯಂತೆ, ಬಿಸಿ ಇನ್ನೊಂದು ಕಡೆಯಂತೆ, ನಡುವೆ ಪೈಪಿನಲ್ಲಿ ನೀರು ತಾನೇ ಹೋಗಿ ತಾನೇ ವಾಪಸು ಬರುತ್ತದಂತೆ. ಅದನ್ನು ಅವರು ಹೇಳದ ದಿನವಿಲ್ಲ. ಊರಿಗೆ ಮರಳಿ ಕಬ್ಬಿಣದ ಅಂಗಡಿ ಇಟ್ಟ ಮೇಲೂ, ನೇಗಿಲ ಗುಳ ಕೊಳ್ಳಲು ಬಂದ ರೈತ ಊಟಿಯ ಬಂಗಲೆಯ ಕಥೆ ಕೇಳದೆ ಗುಳ ಒಯ್ಯುವ ಹಾಗಿರಲಿಲ್ಲ.

ಅವರಿಗೆ ಇನ್ನೊಂದು ಚಾಳಿ ಇತ್ತು. ಯಾರ ಮನೆಗೆ ಹೋದರೂ ಮೊದಲು ಹೋಗಿ ಕಿಟಕಿ ತೆಗೆಯುವುದು! ಆಮೇಲೆ ನಮಸ್ಕಾರ, ಆಮೇಲೆ ಕುಶಲ. ನನ್ನ ಸಂಬಂಧ ಕುದುರಿಸಲು ಜಗಳೂರಿಗೆ ಹೋದಾಗಲೂ ಹಾಗೆಯೇ ಆಯಿತು. ಹುಡುಗನ ಮನೆಯಲ್ಲಿ ಹಿರಿಯರೆಲ್ಲ ಜಮಖಾನೆಯ ಮೇಲೆ ಕೂತಿದ್ದಾರೆ, ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯಲ್ಲಿ ವೀಳ್ಯದೆಲೆ ಜೋಡಿಸಿಟ್ಟಿದ್ದಾರೆ. ಮಾವ ಎದ್ದು ಆ ಕಿಟಕಿ ಧಡಾರನೆ ತೆರೆದರು. ಆ ಮನೆಯವರು ಕುರಿ ಸಾಕುವವರು. ಕಿಟಕಿಯಾಚೆ ಕಟ್ಟಿದ್ದ ಟಗರು ಒಳಗೆ ತಲೆ ತೂರಿಸಿ, ಕಟ್ಟೆಯ ಮೇಲಿದ್ದ ಎಲೆಯನ್ನೆಲ್ಲ ಒಂದೇ ಬಾಯಿಗೆ ಮುಗಿಸಿತು! ಶಕುನ ಕೆಟ್ಟಿತೆಂದು ಒಬ್ಬರು ಗೊಣಗಿದರು. ಹುಡುಗನ ತಂದೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, "ಟಗರೇ ವೀಳ್ಯ ತಗಂಡು ಒಪ್ಪಿಗೆ ಕೊಡ್ತಲ್ರೀ, ಇನ್ನು ನಾವೇನು ಕೇಳಾದೈತೆ?" ಎಂದರು. ನನ್ನ ಮದುವೆ ಹೀಗೆ ಒಂದು ಟಗರಿನ ಕೃಪೆಯಿಂದ ಆಯಿತು.

ನನ್ನನ್ನು ಸಾಕಿದವರೇ ಈ ಸೋದರಮಾವ ಮತ್ತು ಅವರ ತಾಯಿ, ಅಂದರೆ ನನ್ನ ಅಜ್ಜಿ. ನಾನು ಹುಟ್ಟಿದ ಒಂಬತ್ತನೇ ದಿನಕ್ಕೆ ನನ್ನ ಅವ್ವ ಅದೇ ಮನೆಯ ಒಳಕೋಣೆಯಲ್ಲಿ ತೀರಿಕೊಂಡಳು. ಬಾಣಂತಿ ಸನ್ನಿ ಬಡಿಯಿತು ಎಂದು ನನಗೆ ಹೇಳಿದ್ದರು. ಅಪ್ಪ ಬೇರೆ ಮದುವೆಯಾಗಿ ದೂರ ಹೋದರು. ಆದ್ದರಿಂದ ನನಗೆ ತವರು ಎಂದರೆ ಮಾವನ ಮನೆಯೇ. ಯುದ್ಧದ ಕಾಲದಲ್ಲಿ ನಾನು ಬಸುರಿಯಾಗಿ, ಕುಬುಸದ ಶಾಸ್ತ್ರ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ಬಂದದ್ದೂ ಅಲ್ಲಿಗೇ. ಆಗ ಕಾರ್ತಿಕ ಮಾಸ. ದಿನ ತುಂಬುವುದು ಪುಷ್ಯದಲ್ಲಿ, ಮೈ ನಡುಗುವ ಚಳಿಯಲ್ಲಿ.

ನಾನು ಬಂದ ಸಂಜೆಯೇ ಮಾವ ಪಡಸಾಲೆಯಲ್ಲಿ ನಿಂತು ಸಾರಿದರು: "ಈ ಸಲ ಬಾಣಂತಿ ಕೋಣೆಗೆ ಕೆಂಡ ಇಡಂಗಿಲ್ಲ!"

ನಮ್ಮ ಕಡೆ ಬಾಣಂತಿಯ ಆರೈಕೆ ಎಂದರೆ ಗೊತ್ತಲ್ಲ? ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಖಾರ. ಕಿಟಕಿ ಬಾಗಿಲು ಭದ್ರ. ಹೊರಸಿನ ಕೆಳಗೆ ನಿಗಿನಿಗಿ ಕೆಂಡದ ಬಾಣಲೆ. ಕೆಂಡವಿಲ್ಲದ ಬಾಣಂತನ ಉಪ್ಪಿಲ್ಲದ ಸಾರಿನಂತೆ.

ಅಜ್ಜಿ ಕಡ್ಡಿಪುಡಿಯ ಡಬ್ಬಿ ಕೆಳಗಿಟ್ಟಳು. "ಕೆಂಡ ಇಡದೆ ಬಾಣಂತಿ ಹೆಂಗೆ ಬೆಚ್ಚಗಿರ್ತಾಳೆ? ನೀನು ಪಕ್ಕದಾಗೆ ಕೂತ್ಕಂಡು ಊಟಿ ಕಥೆ ಹೇಳ್ತೀಯೇನು?"

"ಪೈಪು ಹಾಕ್ತೀನಿ. ಬಚ್ಚಲು ಹಂಡೆಯಿಂದ ಬಿಸಿನೀರು ಗೋಡೆಗುಂಟ ಹೋಗಿ ಕೋಣೆ ಕಾಯಿಸ್ತದೆ. ಹೊಗೆ ಇಲ್ಲ, ಕೆಂಡ ಇಲ್ಲ."

"ನಿಮ್ಮಜ್ಜನ ಕಾಲದಿಂದ ಇಲ್ಲದ್ದು!"

"ಅಜ್ಜನ ಕಾಲದಾಗೆ ಪೈಪೂ ಇರಲಿಲ್ಲ ಬಿಡವ್ವ."

ವಾದ ಮೂರು ದಿನ ನಡೆಯಿತು. ಕೊನೆಗೆ ಅಜ್ಜಿ ಗೂಡಿನಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಮಗನ ಮುಂದೆ ಕುಕ್ಕಿದಳು. ಚಳಿಗಾಲದ ಬೆಳಿಗ್ಗೆ ಆ ಎಣ್ಣೆ ಸುಣ್ಣದ ಗಡ್ಡೆಯ ಹಾಗೆ ಹೆಪ್ಪುಗಟ್ಟುತ್ತಿತ್ತು. "ಇದನ್ನ ಆ ಕೋಣೆಯಾಗೆ ಇಡ್ತೀನಿ. ಬೆಳಕು ಹರಿಯೋ ಹೊತ್ತಿಗೆ ಎಣ್ಣೆ ನೀರಾಗಿದ್ರೆ ನಿನ್ನ ಪೈಪು. ಗಡ್ಡೆ ಕಟ್ಟಿದ್ರೆ ನನ್ನ ಕೆಂಡ. ಏನಂತಿ?"

ಮಾವ ಆಗಲಿ ಎಂದರು. ಹೀಗೆ ನನ್ನ ಬಾಣಂತನ ಒಂದು ಎಣ್ಣೆ ಬಾಟಲಿಯ ಕೊರಳಿಗೆ ಬಿತ್ತು.

ಮಾರನೇ ದಿನವೇ ಬಸವಾಪಟ್ಟಣದಿಂದ ಬುಡನ್ ಸಾಬರು ಬಂದರು. ತಗಡಿನ ಕೆಲಸ, ಕಲಾಯಿ, ಪೈಪು, ಪಂಪು, ಬೀಗ, ಏನು ಕೊಟ್ಟರೂ ರಿಪೇರಿ ಮಾಡುವವರು. ಮಾವನ ಅಂಗಡಿಯಲ್ಲಿ ಯುದ್ಧದಿಂದಾಗಿ ಕಬ್ಬಿಣವೇ ಇರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಅರ್ಧ ಇಂಚಿನ ಪೈಪುಗಳೇ ಗತಿ. ಮೊದಲು ಮಾವನ ಹೆಂಡತಿ, ಅಂದರೆ ನಮ್ಮ ಅತ್ತೆಯ ತವರಿನ ತಾಮ್ರದ ಹಂಡೆಗೆ ಮೇಲೊಂದು ಕೆಳಗೊಂದು ತೂತು ಕೊರೆದರು. ಮೇಲಿನದರಿಂದ ಬಿಸಿನೀರು ಹೊರಡಬೇಕು, ಕೋಣೆ ಸುತ್ತಿ ತಣ್ಣಗಾಗಿ ಕೆಳಗಿನದಕ್ಕೆ ಬರಬೇಕು.

ಅತ್ತೆ ಅಡುಗೆಮನೆಯಿಂದ ಓಡಿ ಬಂದರು. "ರೀ! ನಮ್ಮಪ್ಪ ಕೊಟ್ಟ ಹಂಡೆ ಕಣ್ರೀ ಅದು!"

"ನಿಮ್ಮಪ್ಪ ಬರೀ ಹೊಟ್ಟೆ ಕೊಟ್ಟಿದ್ರು. ನಾನು ಮೂಗು ಬಾಯಿ ಕೊಟ್ಟೆ, ಸುಮ್ನಿರು," ಎಂದರು ಮಾವ.

ಪೈಪಿನ ಸಂದಿಗೆ ಬಳಿಯುವ ಸಫೇದಾ ಎಂಬ ಬಿಳಿ ಬಣ್ಣದ ಅಂಟು ಆಗ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಮಾವನ ತಲೆಗೆ ಏನು ಹೊಳೆಯಿತೋ! ಹಳೆಯ ಕೋಟೆಗಳನ್ನೆಲ್ಲ ಬೆಲ್ಲ ಸುಣ್ಣ ಅರೆದು ಕಟ್ಟಿದ್ದಾರೆ, ನೂರಾರು ವರ್ಷ ನಿಂತಿವೆ, ನಮ್ಮ ಪೈಪು ನಿಲ್ಲದೆ ಏನು ಎಂದರು. ಬುಡನ್ ಸಾಬರು ಗಡ್ಡ ಕೆರೆದುಕೊಂಡರು. "ಯಜಮಾನ್ರೆ, ಕೋಟೆ ಒಳಗೆ ಬಿಸಿನೀರು ಹರೀತಿರಲಿಲ್ಲ," ಎಂದರು. ಮಾವ ಕೇಳಲಿಲ್ಲ. ಒಂದು ಅಚ್ಚು ಬೆಲ್ಲ ಸುಣ್ಣದ ಜೊತೆ ಕುಟ್ಟಿ, ಸೆಣಬಿನ ನಾರಿಗೆ ಮೆತ್ತಿ, ಎಲ್ಲ ಸಂದಿಗೂ ಸುತ್ತಿಸಿದರು.

ಹಂಡೆಗೆ ಉರಿ ಹಾಕಿದರು. ಕಾಲು ಗಂಟೆ ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಪೈಪು ಬೆಚ್ಚಗಾಯಿತು! ಮಾವ ಕುಣಿಯುವುದೊಂದು ಬಾಕಿ. ಇನ್ನು ಕಾಲು ಗಂಟೆಗೆ ಬೆಲ್ಲ ಕರಗಿತು. ಒಂದೊಂದು ಸಂದಿಯಿಂದಲೂ ಪಾನಕ ತೊಟ್ಟಿಕ್ಕತೊಡಗಿತು. ಬೆಳಗಾಗುವುದರೊಳಗೆ ಚನ್ನಗಿರಿಯ ಇರುವೆಗಳೆಲ್ಲ ಸುದ್ದಿ ತಿಳಿದು, ಬಚ್ಚಲಿನಿಂದ ಒಳಕೋಣೆಯವರೆಗೆ ಪೈಪಿನ ಮೇಲೆ ಸಾಲು ಹಿಡಿದು ದಿಬ್ಬಣ ಹೊರಟಿದ್ದವು. ಅಜ್ಜಿ ನೋಡಿ, "ಬಾಣಂತಿ ಬರೋಕೆ ಮುಂಚೆ ನೆಂಟ್ರು ಬಂದವ್ರೆ," ಎಂದಳು.

ಬುಡನ್ ಸಾಬರು ತಮ್ಮ ಊರಿಗೆ ಹೋಗಿ, ಎಲ್ಲಿಯೋ ಬಚ್ಚಿಟ್ಟಿದ್ದ ಸಫೇದಾದ ಒಂದು ಡಬ್ಬಿ ತಂದರು. ಸೋರುವುದು ನಿಂತಿತು. ಆದರೆ ಕೋಣೆ ಬೆಚ್ಚಗಾಗಲೊಲ್ಲದು. ಯಾಕೆ ಅಂತೀರಿ? ಹಂಡೆಯಲ್ಲಿ ನೀರು ಮೇಲಿನ ತೂತಿಗಿಂತ ಮೇಲಿದ್ದರೆ ಮಾತ್ರ ಅದು ಪೈಪಿಗೆ ಹರಿಯುತ್ತದೆ. ನಮ್ಮ ಮನೆಯಲ್ಲಿ ಕಾದ ಹಂಡೆ ಕಂಡರೆ ಬಿಡುವವರು ಯಾರು! ಅತ್ತೆ ಪಾತ್ರೆಗೆ ಎರಡು ಚೊಂಬು, ಅಜ್ಜಿ ಕಾಲಿಗೆ ಎರಡು ಚೊಂಬು, ಬಂದವರ ಮುಖಕ್ಕೊಂದು ಚೊಂಬು. ಒಂದೊಂದು ಚೊಂಬಿಗೂ ಗೋಡೆ ತಣ್ಣಗಾಗುತ್ತಿತ್ತು. ಮಾವ ಬಚ್ಚಲ ಬಾಗಿಲಿಗೆ ಅಡ್ಡ ಕೂತುಬಿಟ್ಟರು. "ಇದು ಗೋಡೆ ನೀರು! ಮೈಗೆ ಬೇಕಾದ್ರೆ ಬೇರೆ ಒಲೆ ಹಚ್ಕಳ್ರಿ!"

ನ್ಯಾಮತಿಯಿಂದ ಬಂದಿದ್ದ ನೆಂಟರೊಬ್ಬರು ಟವೆಲು ಹೆಗಲಿಗೆ ಹಾಕಿಕೊಂಡು ಅರ್ಧ ಗಂಟೆ ನಿಂತರು. ಕೊನೆಗೆ, "ನಿಮ್ಮ ಗೋಡೆದು ಸ್ನಾನ ಆದ್ಮೇಲೆ ಒಂದು ಕೂಗು ಹಾಕ್ರಿ," ಎಂದು ಹೇಳಿ ಬಾವಿಕಟ್ಟೆಗೆ ಹೋದರು.

ಇಷ್ಟೆಲ್ಲ ಆದ ಮೇಲೂ, ಎಣ್ಣೆಯ ಪರೀಕ್ಷೆಯ ಬೆಳಿಗ್ಗೆ ಅಜ್ಜಿ ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. ಗಡ್ಡೆ! ಮಾವ ಕೋಣೆಯ ಆ ತುದಿಯ ಪೈಪು ಮುಟ್ಟಿ ನೋಡಿದರು. ತಣ್ಣಗೆ ಕೊರೆಯುತ್ತಿತ್ತು.

"ಪೈಪು ಸಣ್ಣದಾತು ಯಜಮಾನ್ರೆ," ಎಂದರು ಬುಡನ್ ಸಾಬರು. "ದೊಡ್ಡ ಊಟದಾಗೆ ಸಾರು ಬಡಿಸಿದಂಗೆ ಆಗೈತೆ. ಮೊದಲನೇ ಪಂಕ್ತಿಗೆ ಬಿಸಿ, ಕೊನೇ ಪಂಕ್ತಿಗೆ ಬರೀ ತಣ್ಣೀರು. ಎರಡು ಇಂಚಿಂದು ಬೇಕು. ಆವಾಗ ನೀರು ಆರಾಮಾಗಿ ಹೋಗಿ ಬರ್ತದೆ."

ಯುದ್ಧಕಾಲದಲ್ಲಿ ಎರಡು ಇಂಚಿನ ಪೈಪು! ಅಜ್ಜಿ ಕೆಂಡದ ಬಾಣಲೆಗೆ ಹುಣಸೆಹಣ್ಣು ತಿಕ್ಕಿ ತೊಳೆದಿಟ್ಟಳು. ನನಗೋ ನಗು. ಕೆಂಡವಾದರೇನು, ಪೈಪಾದರೇನು, ಬೆಚ್ಚಗಿದ್ದರೆ ಸಾಕು ಎಂದುಬಿಟ್ಟೆ. ಮಾವ ನನ್ನನ್ನು ಒಂದು ಥರ ನೋಡಿದರು. "ಹಂಗನ್ನಬೇಡ ತಾಯಿ," ಎಂದರು. ಸದಾ ತಮಾಷೆಯ ಮನುಷ್ಯ, ಅಂಥ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನ್ನ ನಗು ಅಲ್ಲೇ ನಿಂತಿತು.

ಪೈಪು ಸಿಕ್ಕಿದ್ದು ನನ್ನ ಗಂಡನ ಮನೆಯ ಕಡೆ. ಜಗಳೂರಿನ ಹತ್ತಿರದ ಸೊಕ್ಕೆಯಲ್ಲಿ ನನ್ನ ಗಂಡನ ತಂದೆಯ ಪರಿಚಯದವರು ಬಾವಿಗೆ ಇಂಜಿನ್ನು ಕೂರಿಸಿ, ಬಾವಿಯೇ ಬತ್ತಿಹೋಗಿ, ಪೈಪು ಬಿಚ್ಚಿ ಹಟ್ಟಿಗೆ ಒರಗಿಸಿದ್ದರು. ಅದರ ಮೇಲೆ ಕುರಿತುಪ್ಪಟ ಒಣಗುತ್ತಿತ್ತು. ಸುದ್ದಿ ಬಂದ ದಿನವೇ ಮಾವ ಹೊರಟರು. ಹೇಗೆ ಬೇಡಿದರೋ, ಏನು ಕಥೆ ಹೇಳಿದರೋ, ಐದನೇ ದಿನ ಪೈಪಿನ ಸಮೇತ ಬಂದರು.

ಆಗ ಪೆಟ್ರೋಲಿಗೆ ಬರ, ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ. ಏರು ಬಂದರೆ ಜನ ಇಳಿದು ನೂಕಬೇಕು. ಮೇಲೆ ಮಾವನ ಪೈಪಿನ ಭಾರ ಬೇರೆ! ನೂಕಿ ನೂಕಿ ಸುಸ್ತಾದ ಜನ ಹತ್ತಿ ಕೂತರೆ, ಮಾವ ಎದ್ದು ಬಸ್ಸಿನ ಪರದೆಯನ್ನೆಲ್ಲ ಮೇಲಕ್ಕೆ ಸುತ್ತಿದರಂತೆ. ಚಳಿಗಾಳಿ ಹೊಡೆಯುತ್ತಿದೆ, ಜನ ಬೈಯುತ್ತಿದ್ದಾರೆ. ಕಂಡಕ್ಟರು, "ಏನ್ರೀ ಯಜಮಾನ್ರೆ, ನಿಮ್ಮ ಮೈ ಕಬ್ಬಿಣ ಇರಬೋದು, ನಮ್ಮದು ಅಲ್ಲ!" ಎಂದನಂತೆ. "ಇದ್ದಿಲು ಹೊಗೆ ಒಳಗೆ ತುಂಬಿದ್ರೆ ನೀನು ಟಿಕೆಟು ಕೊಡಾಕೂ ಏಳಲ್ಲ, ಸುಮ್ನಿರಪ್ಪ," ಎಂದು ಇವರು ಚನ್ನಗಿರಿಯವರೆಗೂ ಪರದೆಯ ಹಗ್ಗ ಕೈಯಲ್ಲೇ ಹಿಡಿದು ಬಂದರಂತೆ. ಮಾರನೇ ದಿನ ಊರ ಅರ್ಧ ಜನಕ್ಕೆ ನೆಗಡಿ.

ದಪ್ಪ ಪೈಪು ಕೂರಿಸಲು ಗೋಡೆಯ ತೂತು ದೊಡ್ಡದು ಮಾಡಿದರು. ಅವಸರದಲ್ಲಿ ಅದು ಬೆಕ್ಕು ನುಗ್ಗುವಷ್ಟಾಯಿತು. ಅತ್ತೆ ಬಚ್ಚಲಿನಲ್ಲಿ ಗೊಣಗಿದ್ದೆಲ್ಲ ಒಳಕೋಣೆಯಲ್ಲಿ ಮಲಗಿದ್ದ ನನಗೆ ಕೇಳಿಸುತ್ತಿತ್ತು. ನೀರು ತುಂಬಿ ಉರಿ ಹಾಕಿದರೆ ಗೋಡೆಯೊಳಗೆ ಗುಡುಗುಡು ಸದ್ದು! "ಗೋಡೆಗೆ ಹೊಟ್ಟೆಯುಬ್ಬರ ಆಗೈತೆ, ಓಂಕಾಳು ಕುಡಿಸ್ರೋ," ಎಂದಳು ಅಜ್ಜಿ. ಬುಡನ್ ಸಾಬರಿಗೆ ಅದೇ ಸುಳಿವಾಯಿತು. ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದು ಎತ್ತರದ ಬಾಗಿನಲ್ಲಿ ಒಂದು ಸಣ್ಣ ಕೊಳವೆ ನಿಲ್ಲಿಸಿದರು. ಅದು ಉಂಡ ಗಂಡಸಿನ ಹಾಗೆ ಒಂದು ದೊಡ್ಡ ತೇಗು ತೇಗಿ ತೆಪ್ಪಗಾಯಿತು.

ಇನ್ನೇನು ಎಣ್ಣೆ ಪರೀಕ್ಷೆ ಮಾಡಬೇಕು, ಅಷ್ಟರಲ್ಲಿ ನನಗೆ ನೋವು ಶುರುವಾಯಿತು. ಅಂದು ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಸಂಜೆಗೆ ಚಳಿ ಇಳಿಯಿತು. ಅಜ್ಜಿ ಬಾಣಲೆಯಲ್ಲಿ ಕೆಂಡ ತುಂಬಿಕೊಂಡು ಬಂದಳು. ಬಾಗಿಲಲ್ಲಿ ಮಾವ ನಿಂತಿದ್ದರು.

"ದಾರಿ ಬಿಡೋ. ಹಸೀ ಬಾಣಂತಿ."

"ಇವತ್ತೊಂದಿನ ನನ್ನ ಮಾತು ಕೇಳವ್ವ. ಬಾಟಲಿ ಇಡು. ಬೆಳಿಗ್ಗೆ ಗಡ್ಡೆ ಕಟ್ಟಿದ್ರೆ ನಾನೇ ಕೆಂಡ ತುಂಬಿ ಕೊಡ್ತೀನಿ."

ಅಜ್ಜಿ ಅವರ ಮುಖವನ್ನೇ ನೋಡಿದಳು. ಕೊನೆಗೆ ಬಾಣಲೆಯನ್ನು ಅಂಗಳಕ್ಕೆ ಒಯ್ದು, ಬಾಟಲಿ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮಾವ ಬಚ್ಚಲಿಗೆ ಹೋಗಿ ಹಂಡೆಯ ಮುಂದೆ ಕೂತರು. ಬೆಳಗಿನವರೆಗೂ ಏಳಲಿಲ್ಲ.

ನಾನು ಕಣ್ಣು ಬಿಟ್ಟಾಗ ಅಜ್ಜಿ ಕಿಟಕಿಯ ಹತ್ತಿರ ನಿಂತಿದ್ದಳು. ಬಾಟಲಿ ಓರೆ ಮಾಡಿದಳು. ಎಣ್ಣೆ ಸಳಸಳನೆ ಅಂಗೈಗೆ ಇಳಿಯಿತು. ಗೆದ್ದಿದ್ದು ಮಾವ, ನಗಬೇಕಾದ್ದು ನಾನು. ಆದರೆ ಅಜ್ಜಿ ಆ ಎಣ್ಣೆಯನ್ನು ಮಗುವಿನ ನೆತ್ತಿಗೆ ಒತ್ತುತ್ತಾ ಅಳತೊಡಗಿದಳು.

"ನಿಮ್ಮವ್ವಂಗೆ ಸನ್ನಿ ಬಡಿದಿರಲಿಲ್ಲ ಕಣವ್ವ," ಎಂದಳು. "ಇಂಥದೇ ಚಳಿ. ಮಗಳಿಗೆ ಥಂಡಿ ಆದೀತು ಅಂತ ಎರಡು ಬಾಣಲೆ ಕೆಂಡ ಇಟ್ಟೋಳು ನಾನು. ಕಿಟಕಿ ಸಂದಿಗೆಲ್ಲ ಹಳೇ ಸೀರೆ ತುರುಕಿದೋಳು ನಾನು. ನೀನು ಒಂದೇ ಸಮ ಅಳ್ತಿದ್ದೆ. ಅಕ್ಕ ಒಂದಿಷ್ಟು ನಿದ್ದೆ ಮಾಡ್ಲಿ ಅಂತ ನಿಮ್ಮ ಮಾವ ನಿನ್ನ ಎತ್ಕಂಡು ಪಡಸಾಲೆಗೆ ಹೋದ. ಬೆಳಿಗ್ಗೆ ಬಾಗಿಲು ತೆಗೆದೋನೂ ಇವನೇ. ನಿಮ್ಮವ್ವನ ಮಕ ಕುಂಕುಮ ಬಳಿದಂಗೆ ಕೆಂಪಗಿತ್ತು. ಸನ್ನಿಯಾದೋರ ಮಕ ಹಂಗಿರ್ತದೇನು? ನಾನೇ ಸನ್ನಿ ಅಂದೆ. ಊರೂ ಸನ್ನಿ ಅಂತು."

ನಾನು ಮಗುವನ್ನು ಎದೆಗೆ ಒತ್ತಿಕೊಂಡೆ.

"ಆಮೇಲೆ ಇವನು ಗಿರಣಿಗೆ ಹೋಗಿ, ಮುಚ್ಚಿದ ಕೋಣೆಯಾಗೆ ಇದ್ದಿಲು ಹೊಗೆ ಮಲಗಿದೋರ ಉಸಿರೇ ನಿಲ್ಲಿಸ್ತದೆ ಅಂತ ತಿಳ್ಕಂಡು ಬಂದ. ಬಂದೋನು ನನ್ನ ಮಕ ನೋಡಿದ. ಒಂದು ಮಾತು ಅನ್ನಲಿಲ್ಲವ್ವ. ಎದ್ದು ಹೋಗಿ ಕಿಟಕಿ ತೆಗೆದ, ಅಷ್ಟೇ. ಇಪ್ಪತ್ತು ವರ್ಷ ಆತು, ಇವತ್ತಿಗೂ ಅಂದಿಲ್ಲ. ಕೆಂಡ ಬೇಡ ಅಂತ ನಾನು ಒಪ್ಪಿದ್ರೆ, ಅವತ್ತಿಂದು ನಾನೇ ಮಾಡಿದ್ದು ಅಂತ ಒಪ್ಪಿದಂಗೆ ಅಲ್ವೇನು? ಅದಕ್ಕೇ ಹಟ ಮಾಡಿದೆ. ಅವನಿಗೂ ಅದು ಗೊತ್ತಿತ್ತು."

ಟಗರು, ಇರುವೆ, ಬಸ್ಸಿನ ಪರದೆ ಎಲ್ಲವೂ ನನ್ನ ಕಣ್ಣ ಮುಂದೆ ಬಂದವು. ನಾವು ನಕ್ಕ ನಗುವೂ ನೆನಪಾಯಿತು. ಮಾವ ತಮ್ಮ ಅಕ್ಕನ ಸಾವಿನ ಕಾರಣವನ್ನು ಒಂದು ಮಾತಿನಲ್ಲಿ ಹೇಳಿದ್ದರೆ ಯಾರೂ ಅವರನ್ನು ಹುಚ್ಚರೆನ್ನುತ್ತಿರಲಿಲ್ಲ. ಆ ಮಾತು ತಾಯಿಯ ಎದೆಗೆ ನಾಟುತ್ತದೆಂದು, ಊರ ಬಾಯಿಗೆ ತಾವೇ ಬಿದ್ದರು. ನಾನು ಅತ್ತುಬಿಟ್ಟೆ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಕಿಟಕಿಯ ಒಂದು ಬಾಗಿಲನ್ನು ಬೆರಳು ಹೋಗುವಷ್ಟು ತೆರೆದು, ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯ ತೂತಿನಿಂದ ಬಚ್ಚಲಿನ ಮಾತು ಕೇಳಿಸಿತು.

"ಎಣ್ಣೆ ಏನಾತವ್ವ?" ಮಾವನ ದನಿ.

"ನೀರಾಗಿತ್ತು. ಕೂಸಿನ ನೆತ್ತಿಗೆ ಹಚ್ಚಿದೆ."

ಸೌದೆ ಸರಿಸಿದ ಸದ್ದು ಬಂತು.

"ಏಳು, ಹೋಗಿ ಮಲಕ್ಕ. ಇನ್ನು ಉರಿ ನಾನು ಹಾಕ್ತೀನಿ," ಎಂದಳು ಅಜ್ಜಿ.

"ಹೊಗೆ ಕುಡೀಬೇಡ ಅವ್ವ. ಬಾಗಿಲು ತೆಕ್ಕಂಡು ಕೂತ್ಕ."

"ತೆಗೆದೇ ಕೂತೀನಪ್ಪ. ನೀನು ಹೋಗು."